ಕಮರದ ಗಿಡ ಬೆಳೀತಿಲ್ಲ, ಕೀಳಬೇಕಾ? ಬೆಳೆಸಿದವರು ಹೇಳಿ

ಪ್ರಶ್ನೆ (ಶಿರಾ ಕಡೆಯಿಂದ):

ಹೊಲದ ಬದುವಿನ ಮೇಲೆ ಅಪ್ಪ ಕಮರ ಅನ್ನೋ ಕಾಡುಮರದ ಸಸಿ ಹಾಕಿಸಿದ್ದರು. ಕೆಲವು ಮಳೆಗಾಲ ಕಳೆದರೂ ಬಹಳಷ್ಟು ಗಿಡ ಮೊಣಕಾಲು ದಾಟಿಲ್ಲ. ಬೇಸಿಗೆಯಲ್ಲಿ ಬುಡದವರೆಗೂ ಒಣಗುತ್ತವೆ, ಮಳೆ ಬಿದ್ದರೆ ಮತ್ತೆ ಚಿಗುರುತ್ತವೆ. ಒಂದೆರಡು ಮಾತ್ರ ಆಳೆತ್ತರ ಮೀರಿವೆ. ಅವುಗಳ ಕೊಂಬೆಯೆಲ್ಲ ಕೆಳಕ್ಕೆ ಜೋತು ಬಿದ್ದಿವೆ, ಕಾಂಡ ನುಣ್ಣಗೆ ಬೆಳ್ಳಗಿದೆ. ಬುಕ್ಕಾಪಟ್ಟಣದ ಕಾಡಿನಲ್ಲಿ ನೋಡಿದ ಕಮರಕ್ಕೆ ಕಪ್ಪು ತೊಗಟೆ, ಅಗಲವಾದ ತಲೆ. ನಮಗೆ ಬೇರೆ ಗಿಡ ಕೊಟ್ಟಿದ್ದಾರಾ? ಇದನ್ನು ಕಿತ್ತು ಬೇಗ ಬೆಳೆಯುವ ಹೆಬ್ಬೇವಿನ ಮರ ಹಾಕೋಣ ಅಂತಿದ್ದೇನೆ.

ಪಾವಗಡದಿಂದ ಒಬ್ಬರು:

ದಯವಿಟ್ಟು ಕೀಳಬೇಡಿ. ನೀವು ಹೇಳಿದ್ದೆಲ್ಲ ಎಳೆಯ ಕಮರದ ಗುರುತೇ. ನಮ್ಮ ಹೊಲದಲ್ಲೂ ಹೀಗೇ ಇತ್ತು.

ಈ ಮರ ಮೊದಲು ಬೆಳೆಯುವುದು ಕೆಳಕ್ಕೆ. ಮೇಲೆ ಗೇಣುದ್ದ ಇರುವಾಗಲೇ ತಾಯಿಬೇರು ಅದರ ಎಷ್ಟೋ ಪಟ್ಟು ಆಳಕ್ಕೆ ಇಳಿದಿರುತ್ತದೆ. ಗರಸು (ಕಲ್ಲುಚೂರಿನ) ನೆಲ ಇರಲಿ, ಬಂಡೆಯ ಸೀಳು ಇರಲಿ, ಸಂದಿ ಹುಡುಕಿಕೊಂಡು ಇಳಿಯುತ್ತದೆ. ಅಷ್ಟು ದಿನ ಮೇಲಿನ ಕಡ್ಡಿ ಒಣಗುವುದು, ಮತ್ತೆ ಬರುವುದು ನಡೆದೇ ಇರುತ್ತದೆ. ಕಾಡಿನಲ್ಲೂ ಹಾಗೇ. ಬೇರು ಗಟ್ಟಿಯಾದ ಮೇಲೆ ಒಂದು ಮಳೆಗಾಲದಲ್ಲಿ ಚಿಗುರು ನೆಟ್ಟಗೆ ಮೇಲೇಳುತ್ತದೆ. ಆಳೆತ್ತರ ಮೀರಿದ ಆ ಒಂದೆರಡು ಗಿಡ ಆ ಹಂತ ದಾಟಿವೆ ಅಂತ ನನ್ನ ಲೆಕ್ಕ.

ಇನ್ನು ಆಕಾರದ ಮಾತು. ಎಳೆಯ ಮರದ ತಲೆ ಕೆಳಗೆ ಅಗಲ, ತುದಿಗೆ ಚೂಪು, ಕೊಂಬೆ ಜೋತು. ತೊಗಟೆ ನುಣುಪು, ಬೂದು ಮಿಶ್ರಿತ ಬಿಳಿ. ವಯಸ್ಸಾದ ಹಾಗೆ ಕೆಳಗಿನ ಕೊಂಬೆ ಉದುರಿ ತಲೆ ಹರಡಿಕೊಳ್ಳುತ್ತದೆ. ತೊಗಟೆ ಕಪ್ಪಾಗಿ, ಒರಟಾಗಿ, ಉದ್ದುದ್ದ ಬಿರುಕು ಬಿಡುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿ ನೋಡಿದರೆ ಒಂದೇ ಮರ ಅಂತ ಯಾರೂ ಹೇಳುವುದಿಲ್ಲ. ದೊಡ್ಡ ಮರದ ತುದಿ ರೆಂಬೆ ನೋಡಿ, ಅಲ್ಲಿ ಮಾತ್ರ ಆ ಜೋತು ಉಳಿದಿರುತ್ತದೆ.

ಖಾತ್ರಿ ಬೇಕಿದ್ದರೆ ಎಲೆ ನೋಡಿ. ಎಳೆಯದಾಗಲಿ ಹಳೆಯದಾಗಲಿ, ಎಲೆ ಬದಲಾಗುವುದಿಲ್ಲ. ಒಂದು ತೊಟ್ಟಿಗೆ ಎರಡೇ ಎರಡು ಎಲೆ, ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗೆ. ಬಸವನಪಾದ ಅನ್ನುವ ಇನ್ನೊಂದು ಮರದ ಎಲೆಯೂ ಸೀಳಿರುತ್ತದೆ, ಆದರೆ ಕೆಳಗೆ ಕೂಡಿಕೊಂಡು ಒಂದೇ ಎಲೆಯಾಗಿರುತ್ತದೆ. ಕಮರದ್ದು ಬುಡದವರೆಗೂ ಬೇರೆ ಬೇರೆ.

ಹೆಬ್ಬೇವಿನ ವಿಚಾರ: ಅದಕ್ಕೆ ಆಳದ ಮಣ್ಣು ಬೇಕು, ಮೊದಲ ವರ್ಷಗಳಲ್ಲಿ ನೀರೂ ಬೇಕು. ಬದುವಿನ ಗರಸಿನಲ್ಲಿ ಅದು ಸೊರಗುತ್ತದೆ. ಅಂಥ ನೆಲದಲ್ಲಿ ನೀರು ಕೇಳದೆ ನಿಲ್ಲುವ ಮರ ಕೈಯಲ್ಲಿದೆ, ಅದನ್ನು ಯಾಕೆ ಕಳೆದುಕೊಳ್ಳಬೇಕು?

ಪ್ರಶ್ನೆ ಕೇಳಿದವರು:

ಎಲೆ ನೋಡಿದೆ ಅಣ್ಣ, ಜೋಡಿಯೇ ಇದೆ. ಮನಸ್ಸಿಗೆ ಸಮಾಧಾನ ಆಯ್ತು. ಒಣಗಿದ್ದು ಸತ್ತಿದೆಯೋ ಬದುಕಿದೆಯೋ ಹೇಗೆ ಗೊತ್ತಾಗುತ್ತೆ? ಜೋತ ಕೊಂಬೆ ಸವರಿದರೆ ಬೇಗ ಮೇಲೇಳುತ್ತಾ?

ಮಧುಗಿರಿಯಿಂದ ಒಬ್ಬರು:

ಬುಡದ ಹತ್ತಿರ ಉಗುರಿನಿಂದ ಸ್ವಲ್ಪ ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವ ಇದೆ. ಕಂದು ಬಣ್ಣ ಕಂಡರೂ ಒಂದು ಮಳೆಗಾಲ ಬಿಟ್ಟು ನೋಡಿ, ಬೇರಿನಿಂದ ಬರಬಹುದು. ಚಳಿಗಾಲ ಮುಗಿಯುವ ಹೊತ್ತಿಗೆ ಈ ಮರ ಎಲೆ ಉದುರಿಸುತ್ತದೆ. ಅದನ್ನು ಒಣಗಿದ್ದು ಅಂದುಕೊಳ್ಳಬೇಡಿ. ಏಪ್ರಿಲ್ ಹೊತ್ತಿಗೆ ಕೆಂಪು ಮಿಶ್ರಿತ ಚಿಗುರು ಬರುತ್ತದೆ, ಅದರ ಚಂದವೇ ಬೇರೆ.

ಕೊಂಬೆ ಸವರಬೇಡಿ. ಎಲೆ ಜಾಸ್ತಿ ಇದ್ದಷ್ಟೂ ಬೇರಿಗೆ ಊಟ ಜಾಸ್ತಿ. ಸೊಪ್ಪು ಕಡಿಯುವುದೆಲ್ಲ ಮರ ಬಲಿತ ಮೇಲಿನ ಕೆಲಸ.

ನಿಮ್ಮ ಗಿಡ ಕುಳ್ಳಗಿರುವುದಕ್ಕೆ ಮೇಕೆ ಕಾರಣ ಇರಬಹುದು, ಅದನ್ನು ಯಾರೂ ಕೇಳಲಿಲ್ಲ. ಕಮರದ ಸೊಪ್ಪು ದನ, ಮೇಕೆಗೆ ಒಳ್ಳೆಯ ಮೇವು. ಬೇಸಿಗೆಯಲ್ಲಿ ಹಸಿರು ಕಂಡರೆ ಬಿಡುವುದಿಲ್ಲ. ತುದಿ ಕಚ್ಚಿದ ಗುರುತು ಇದೆಯಾ ನೋಡಿ. ಪ್ರತಿ ಗಿಡದ ಸುತ್ತ ಜಾಲಿ ಮುಳ್ಳು ಕಟ್ಟಿ. ಸುತ್ತಲಿನ ಹುಲ್ಲೂ ತೆಗೆಯಿರಿ. ಎಳೆಯ ಗಿಡಕ್ಕೆ ಬಿಸಿಲು ಬೇಕು, ನೆರಳಿನಲ್ಲಿ ಏಳುವುದಿಲ್ಲ.

ಪಾವಗಡದವರು ಮತ್ತೆ:

ಮೇಕೆ ವಿಚಾರ ನೂರಕ್ಕೆ ನೂರು ನಿಜ. ಇನ್ನೊಂದು ಮಾತು. ಸತ್ತ ಗಿಡದ ಜಾಗಕ್ಕೆ ಮತ್ತೆ ಪ್ಯಾಕೆಟ್ ಸಸಿ ತರಬೇಡಿ. ಅಷ್ಟು ಉದ್ದದ ಬೇರು ಸಣ್ಣ ಚೀಲದಲ್ಲಿ ಸುತ್ತಿಕೊಳ್ಳುತ್ತದೆ, ಆಮೇಲೆ ನೇರ ಇಳಿಯುವುದಿಲ್ಲ. ಬೀಜವನ್ನೇ ಬಿತ್ತಿ. ಕಾಯಿ ಏಪ್ರಿಲ್, ಮೇ ತಿಂಗಳಲ್ಲಿ ಬಲಿಯುತ್ತದೆ. ಕಾಗದದಂಥ ಚಪ್ಪಟೆ ಕಾಯಿ, ತುದಿಯಲ್ಲಿ ಒಂದೇ ಬೀಜ, ಗಾಳಿಗೆ ಹಾರಿ ಬೀಳುತ್ತದೆ. ರಾತ್ರಿ ನೀರಲ್ಲಿ ನೆನೆಸಿ, ಮೊದಲ ಹದ ಮಳೆಗೆ ಒಂದು ಗುಂಡಿಗೆ ಮೂರ್ನಾಲ್ಕು ಹಾಕಿ. ಬುಕ್ಕಾಪಟ್ಟಣದ ಕಾಡು 2019ರಲ್ಲಿ ಚಿಂಕಾರ (ಜಿಂಕೆಯಂಥ ಕಾಡುಪ್ರಾಣಿ) ಅಭಯಾರಣ್ಯ ಆಗಿದೆ, ಅದರ ಒಳಗೆ ಹೋಗಿ ಆರಿಸಬೇಡಿ. ಊರ ಬದಿಯ, ಹೊಲದ ಮರದ ಕೆಳಗೆ ಕೇಳಿ ಆರಿಸಿ. ಈ ಮರ ಎಲ್ಲ ವರ್ಷ ಚೆನ್ನಾಗಿ ಕಾಯಿ ಬಿಡುವುದಿಲ್ಲ. ಈ ಸಲ ಕಾಯಿ ಕಂಡರೆ ಮುಂದಿನ ವರ್ಷಕ್ಕೆ ಅಂತ ಬಿಡಬೇಡಿ.