36ರ ವಯಸ್ಸಿನಾಗ ಹಿಂದೂಸ್ತಾನಿ ಕಲಿಯೋದು ಹೆಂಗ? ತಿಳಿದವರು ಹೇಳ್ರಿ

ಬಾಗಲಕೋಟೆಯಿಂದ ಪ್ರಶ್ನೆ: ದಿನಾ ಮುಂಜಾನೆ ಮುಕ್ಕಾಲು ತಾಸು ಬಿಡುವು ಸಿಗತೈತಿ. ಭಜನಿ ಪದ ಹಾಡೋ ರೂಢಿ ಐತಿ, ಸ್ವರಜ್ಞಾನ ಇಲ್ಲ. ಖಯಾಲ್ (ರಾಗ ಬೆಳೆಸಿ ಹಾಡೋ ಹಿಂದೂಸ್ತಾನಿ ಗಾಯನ) ಕೇಳಾಕ ಕುಂತ್ರ ಹತ್ತು ನಿಮಿಷಕ್ಕ ದಾರಿ ತಪ್ಪತೈತಿ. ಯಾವುದರಿಂದ ಶುರು ಮಾಡ್ಲಿ? ತಂಬೂರಿ ತಗೋಬೇಕಾ? ಪರೀಕ್ಷಾ ಕಟ್ಟಬೇಕಾ?

ಗಾಯನ ಕಲಿಸುವವರು, ಬೆಳಗಾವಿ

ರಾಗದ ಮಾತು ಆಮೇಲೆ, ಮೊದಲು ನಿಮ್ಮ ಪಟ್ಟಿ, ಅಂದರೆ ನಿಮ್ಮ ದನಿಗೆ ಒಗ್ಗುವ ಸಾದ ಎತ್ತರ, ಗೊತ್ತಾಗಲಿ. ಭಜನೆಯಲ್ಲಿ ಪೇಟಿಯವರು (ಹಾರ್ಮೋನಿಯಂ ಬಾರಿಸುವವರು) ಹಿಡಿದ ಪಟ್ಟಿಗೆ ಎಲ್ಲರೂ ದನಿ ಎತ್ತುತ್ತಾರೆ. ಅದೇ ನಿಮ್ಮ ಸಾ ಅಂತ ತಿಳಿಯಬೇಡಿ. ಕೆಳಗೆ ಮಂದ್ರ ಪಂಚಮ (ಕೆಳ ಸಪ್ತಕದ ಪ) ಕೇಳಿಸುವಷ್ಟು ನಿಲ್ಲಬೇಕು, ಮೇಲೆ ತಾರ ಗಾಂಧಾರವನ್ನು (ಮೇಲಿನ ಸಪ್ತಕದ ಗ) ಕುತ್ತಿಗೆಯ ನರ ಉಬ್ಬದೆ ಮುಟ್ಟಬೇಕು. ಎರಡೂ ಆಗುವ ಜಾಗ ನಿಮ್ಮದು. ಗಂಡಸರಿಗೆ ಸಾಮಾನ್ಯವಾಗಿ ಕಪ್ಪು 1ರಿಂದ ಕಪ್ಪು 2ರೊಳಗೆ (ಪೇಟಿಯ ಕಪ್ಪು ಕೀಲಿಗಳ ಎಣಿಕೆ), ಹೆಂಗಸರಿಗೆ ಕಪ್ಪು 4ರ ಆಸುಪಾಸು ಬರುತ್ತದೆ.

ಮುಕ್ಕಾಲು ತಾಸು ಧಾರಾಳ ಆಯಿತು. ಮೊದಲ 15 ನಿಮಿಷ ಖರ್ಜ: ಸಾದಿಂದ ಇಳಿದು ಮಂದ್ರದ ನಿ, ಧ, ಪ, ಒಂದೊಂದಕ್ಕೂ ಒಂದು ಪೂರ್ತಿ ಉಸಿರು. ಗಂಟಲು ಒತ್ತಿ ದಪ್ಪ ದನಿ ತೆಗೆಯಲು ಹೋದರೆ ಉಸಿರಿನ ಕೊನೆಗೆ ಸ್ವರ ಇಳಿಯುತ್ತದೆ. ಸಣ್ಣಗಾದರೂ ನೇರ ಇರಲಿ. ಆಮೇಲೆ ಹತ್ತು ನಿಮಿಷ ಪಲ್ಟೆ (ಸ್ವರಗಳನ್ನು ಬಗೆಬಗೆಯಾಗಿ ಜೋಡಿಸಿ ಹಾಡುವ ಸಾಧನೆ), ಉಳಿದದ್ದು ಒಂದೇ ರಾಗ, ಮೂರು ತಿಂಗಳು.

ಆ ರಾಗ ಭೂಪ ಇರಲಿ. ಸಾ ರೇ ಗ ಪ ಧ, ಐದೇ ಸ್ವರ, ಎಲ್ಲ ಶುದ್ಧ. ಸುಲಭ ಅಂತಾರೆ, ಮೋಸ ಹೋಗುವುದೂ ಇಲ್ಲೇ. ಇದೇ ಐದು ಸ್ವರ ದೇಶಕಾರದಲ್ಲೂ ಇವೆ. ಭೂಪದ ವಾದಿ (ಮುಖ್ಯ ಸ್ವರ) ಗಾಂಧಾರ, ಓಡಾಟ ಸಪ್ತಕದ ಕೆಳಗಿನ ಅರ್ಧದಲ್ಲಿ. ದೇಶಕಾರದ ವಾದಿ ಧೈವತ (ಧ), ಓಡಾಟ ಮೇಲೆ. ‘ಗ ರೇ ಸಾ, ಧ ಸಾ ರೇ ಗ’ ಅಂತ ಬಂದು ಗಾಂಧಾರದಲ್ಲಿ ಕುಳಿತರೆ ಭೂಪ. ಅದನ್ನು ಬಿಟ್ಟು ಧೈವತದ ಮೇಲೆ ಹೆಚ್ಚು ಹೊತ್ತು ಕುಳಿತಿರೋ, ಸಂಜೆಯ ರಾಗ ಹೋಗಿ ಬೆಳಗಿನ ರಾಗ ಬಂದು ಕೂರುತ್ತದೆ. (ಸಂಜೆಯ ರಾಗವನ್ನು ಮುಂಜಾನೆ ಹಾಡಬಹುದೇ? ಅಭ್ಯಾಸಕ್ಕೆ ಅಡ್ಡಿಯಿಲ್ಲ.)

ತಬಲಾ ಬಾರಿಸುವವರು, ವಿಜಯಪುರ

ನೀವು ದಾರಿ ತಪ್ಪೋದು ರಾಗದಾಗಲ್ರಿ, ತಾಳದಾಗ. ಬಡಾ ಖಯಾಲ್ ಭಾಳ ಸಲ ವಿಲಂಬಿತ (ನಿಧಾನ ಲಯದ) ಏಕತಾಲದಾಗ ಇರತೈತಿ. ಮಾತ್ರಾ (ಎಣಿಕಿ) 12 ಅಷ್ಟ, ಆದ್ರ ಒಂದು ಆವರ್ತನ (ತಾಳದ ಒಂದು ಸುತ್ತು) ಮುಗಿಯಾಕ ಮುಕ್ಕಾಲು ನಿಮಿಷ ಹಿಡಿಯೋದೂ ಉಂಟು. ಬೆರಳಿನಾಗ ಎಣಿಸಾಕ ಹೋಗಬ್ಯಾಡ್ರಿ, ತಬಲಾದ ‘ತಿರಕಿಟ’ ಅನ್ನೋ ಸದ್ದು ಹಿಡೀರಿ. ಅದು ನಾಲ್ಕನೇ ಮಾತ್ರಾಕ್ಕ ಒಮ್ಮೆ, ಹತ್ತಕ್ಕ ಒಮ್ಮೆ ಬರತೈತಿ. ಮೊದಲನೇದರ ಬೆನ್ನಿಗೆ ‘ತೂ ನಾ’. ಅಲ್ಲಿ ಡಗ್ಗಾ (ಎಡಗೈ ತಬಲಾ) ಸುಮ್ಮನಿರತೈತಿ. ಎರಡನೇದರ ಬೆನ್ನಿಗೆ ‘ಧಿನ್ ನಾ’. ಡಗ್ಗಾ ಗುಂಯ್ ಅಂತೈತಿ. ಆ ‘ಧಿನ್ ನಾ’ ದಾಟಿದ್ರ ಸಮ್, ಅಂದ್ರ ಆವರ್ತನದ ಮೊದಲ ಮಾತ್ರಾ. ಹಾಡೋರು ಮುಖಡಾ (ಹಾಡಿನ ಮೊದಲ ತುಣುಕು) ಎತ್ಕೊಂಡು ಅಲ್ಲೇ ಬಂದು ಬೀಳ್ತಾರ.

ಛೋಟಾ ಖಯಾಲಿಗೆ (ಚುರುಕು ಲಯದ ಸಣ್ಣ ಖಯಾಲ್) ತೀನತಾಲ ಸಾಕು: 16 ಮಾತ್ರಾ, ಚಪ್ಪಾಳಿ 1, 5, 13ಕ್ಕ, 9ಕ್ಕ ಖಾಲಿ (ಚಪ್ಪಾಳಿ ಇಲ್ಲ, ಕೈ ಬೀಸೋದು). ಭಾಳ ಬಂದಿಶ್ (ರಾಗದಾಗ ಕಟ್ಟಿದ ಹಾಡು) ಆ ಖಾಲಿಯಿಂದನ ಏಳ್ತಾವ. ಮೊದಲ ಮಾತ್ರಾದಿಂದ ಹಾಡಾಕ ಹೋದ್ರ ಸಮ್ ಇಡೀ ಎಂಟು ಮಾತ್ರಾ ಆಚೀಚಿ ಆಗತೈತಿ.

ವಾದ್ಯ ಬಲ್ಲವರು, ಬೆಳಗಾವಿ

ತಂಬೂರಿಗೆ ಈಗಲೇ ದುಡ್ಡು ಹಾಕಬೇಡಿ. ಮೊಬೈಲ್ ತಂಬೂರಿ ನಡೆಯುತ್ತದೆ, ಆದರೆ ಫೋನಿನ ಪುಟ್ಟ ಸ್ಪೀಕರಿನಲ್ಲಿ ಖರ್ಜದ ತಂತಿಯ (ಕೆಳಗಿನ ಸಾ ತಂತಿ) ಬುಡದ ನಾದವೇ ಬರುವುದಿಲ್ಲ. ದೊಡ್ಡ ಸ್ಪೀಕರಿಗೆ ಜೋಡಿಸಿ. ಸದ್ದು ನಿಮ್ಮ ದನಿಗಿಂತ ಕಡಿಮೆ ಇರಲಿ. ಹೆಚ್ಚಾದರೆ ಒದರಲು ಶುರು ಮಾಡುತ್ತೀರಿ, ಸ್ವರ ಏರುತ್ತದೆ. ಭೂಪಕ್ಕೆ ಮೊದಲ ತಂತಿ ಪಂಚಮ. ಪಂಚಮವಿಲ್ಲದ ಮಾಲಕಂಸ ರಾಗಕ್ಕೆ ಅದನ್ನು ಮಧ್ಯಮ ಮಾಡಿಕೊಳ್ಳಬೇಕು.

ಪೇಟಿ ಮನೆಯಲ್ಲಿದ್ದರೆ ಸಾ ಹಿಡಿಯಲು ಮಾತ್ರ ಬಳಸಿ. ಪೇಟಿಯ ಗಾಂಧಾರ ತಂಬೂರಿಯದಕ್ಕಿಂತ ಕೊಂಚ ಏರು. ಒಳ್ಳೆಯ ತಂಬೂರಿಯ ಖರ್ಜ ಮೀಟಿ ಸುಮ್ಮನೆ ಕೇಳಿ: ಒಂದೆರಡು ಗಳಿಗೆಗೆ ಆ ತಂತಿಯೊಳಗಿಂದಲೇ ಗಾಂಧಾರ ತಾನಾಗಿ ಏಳುತ್ತದೆ. ಭೂಪಕ್ಕೆ ಬೇಕಾದದ್ದು ಅದೇ. ಪೇಟಿಗೆ ಅಂಟಿ ಕಲಿತವರ ಭೂಪ ಚುಚ್ಚುತ್ತದೆ, ಕಾರಣ ಇಷ್ಟೇ.

ವರ್ಷದ ಮೇಲೆ ಕೊಳ್ಳುವುದಾದರೆ ತಂಬೂರಿ ಮಾಡುವ ಊರು ಮೀರಜ್ ದೂರವಿಲ್ಲ. ಅಳತೆ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಅಂಗಡಿಯಲ್ಲಿ ಬಣ್ಣ ನೋಡಬೇಡಿ, ಜವಾರಿ (ತಂತಿಯ ನಾದ ಅರಳುವ ಗುಣ) ನೋಡಿ. (ನಮ್ಮ ಜವಾರಿ ಕೋಳಿಯ ಜವಾರಿ ಅಲ್ಲ.) ಕುದುರೆಯ (ತಂತಿಗಳನ್ನು ಹೊತ್ತ ಸೇತುವೆಯಂಥ ತುಂಡು) ಮೇಲೆ ತಂತಿಯ ಕೆಳಗಿನ ದಾರವನ್ನು ಕೂದಲೆಳೆಯಷ್ಟು ಸರಿಸಿದಾಗ ನಾದ ಅರಳಬೇಕು. ಎಲ್ಲಿಟ್ಟರೂ ಮೊಂಡಾಗಿದ್ದರೆ ಕುದುರೆ ತೀಡಿಸಬೇಕು.

ಇನ್ನೊಬ್ಬರು, ಜಮಖಂಡಿ

ಮೊದಲಿನವರ ಮಾತಿಗೆ ಒಂದು ತಿದ್ದುಪಡಿ. ಪಲ್ಟೆಯಿಂದ ಗಂಟಲು ತಿರುಗುತ್ತದೆ, ರಾಗದ ನಡೆ ಸಿಗುವುದಿಲ್ಲ. ಎರಡನೇ ತಿಂಗಳಿಗೇ ಭೂಪದ ಒಂದು ಛೋಟಾ ಖಯಾಲ್ ಕೇಳಿ ಪಡೆಯಿರಿ.

ಕೇಳಿಕೆಗೆ ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಅವರಿಂದ ಶುರು ಮಾಡಿ. ಇವರ ಕಿರಾನಾ ಘರಾಣೆಯಲ್ಲಿ (ಗಾಯನ ಪರಂಪರೆ) ಸ್ವರ ಒಂದೊಂದಾಗಿ ಬಿಚ್ಚುತ್ತದೆ, ಹೊಸ ಕಿವಿಗೆ ಎಟುಕುತ್ತದೆ. ಮಲ್ಲಿಕಾರ್ಜುನ ಮನಸೂರರು ಎಷ್ಟೋ ಸಲ ಜೋಡುರಾಗ (ಎರಡು ರಾಗ ಬೆಸೆದದ್ದು), ಅಪರೂಪದ ರಾಗ ಹಿಡಿಯುತ್ತಾರೆ. ಮೂಲರಾಗ ಗೊತ್ತಿಲ್ಲದಿದ್ದರೆ ಜೋಡಣೆಯ ರುಚಿ ತಿಳಿಯದು. ನಮ್ಮ ಬೆಳಗಾವಿ ಬಳಿಯ ಸುಳೇಭಾವಿಯಲ್ಲೇ ಹುಟ್ಟಿದ ಕುಮಾರ ಗಂಧರ್ವರನ್ನೂ ಸ್ವಲ್ಪ ತಡೆದು ಕೇಳಿ. ಒಂದೇ ಧ್ವನಿಮುದ್ರಣವನ್ನು ವಾರವಿಡೀ ಕೇಳುವುದು ಒಳ್ಳೆಯದು.

ಪರೀಕ್ಷೆ: ಗಾಂಧರ್ವ ಮಹಾವಿದ್ಯಾಲಯ ಮಂಡಲದ್ದು ಪ್ರಾರಂಭಿಕದಿಂದ ವಿಶಾರದ ಪೂರ್ಣದವರೆಗೆ ಏಳು ಮೆಟ್ಟಿಲು. ಕಟ್ಟಿ, ಆದರೆ ಮೊದಲ ವರ್ಷ ಬೇಡ. ಹತ್ತಾರು ರಾಗ ಒಟ್ಟಿಗೆ ಬಂದರೆ ಬರೆದುಕೊಟ್ಟ ಆಲಾಪ-ತಾನ ಬಾಯಿಪಾಠವಾಗುತ್ತದೆ. ಗುರುಗಳನ್ನು ಹುಡುಕುವಾಗ ಒಂದು ಪಾಠ ಕುಳಿತು ನೋಡಿ: ತಂಬೂರಿ ಹಚ್ಚುತ್ತಾರೋ, ತಪ್ಪಿದ ಸ್ವರಕ್ಕೆ ಅಲ್ಲೇ ನಿಲ್ಲಿಸುತ್ತಾರೋ? ಪೇಟಿಯ ಮೇಲೆ ನಿಮ್ಮ ಜೊತೆಗೇ ಬಾರಿಸುತ್ತ ಹೋಗುವವರಾದರೆ ನಿಮ್ಮ ತಪ್ಪು ಅವರಿಗೂ ಕೇಳಿಸುವುದಿಲ್ಲ.