ಗಪ್ಪಣ್ಣನ ಆಟೋಮೆಟಿಕ್ ಕಿಟಕಿ

"ಕಿಟಕಿ ತಾನಾಗೇ ತೆರೆದುಕೊಳ್ಳುತ್ತದೆ ಮಾರಾಯ. ಕರೆಂಟೂ ಬೇಡ, ಬ್ಯಾಟರಿಯೂ ಬೇಡ" ಎಂದ ಸುಬ್ರಾಯ.

"ನಮ್ಮನೆ ಬಚ್ಚಲ ಕಿಟಕಿಯೂ ಹಾಗೇ" ಎಂದೆ. "ಚಿಲಕ ಮುರಿದು ನಾಲ್ಕು ವರ್ಷ ಆಯ್ತು. ಇವತ್ತಿನವರೆಗೆ ಒಂದು ಯೂನಿಟ್ ಕರೆಂಟು ತಿಂದಿಲ್ಲ."

ಊಟ ಮುಗಿದಿತ್ತು. ಗಪ್ಪಣ್ಣನ ಜಗಲಿಯಲ್ಲಿ ಕವಳದ ಬಟ್ಟಲು ಸುತ್ತುತ್ತಿತ್ತು. ಎದುರಿಗೆ, ಅಂಗಳದ ಅಂಚಿನಲ್ಲಿ ಗ್ರೀನ್‌ಹೌಸ್. ಹೆಸರು ದೊಡ್ಡದು ಅಷ್ಟೇ. ಅಡಿಕೆ ದಬ್ಬೆಯ ಚೌಕಟ್ಟು, ಮೇಲೆ 200 ಮೈಕ್ರಾನಿನ ಪ್ಲಾಸ್ಟಿಕ್ಕು, ಒಳಗೆ ಟೊಮೆಟೊ, ದೊಣ್ಣೆಮೆಣಸು, ಒಂದು ಮೂಲೆಯಲ್ಲಿ ಅತ್ತಿಗೆಯ ಆರ್ಕಿಡ್. ಮಾಡಿನಲ್ಲಿ ಒಂದೇ ಒಂದು ಕಿಟಕಿ. ಈ ಮಾತೆಲ್ಲ ಅದರದ್ದೇ.

"ಅದೆಂತಕ್ಕೆ ಗಪ್ಪಣ್ಣ, ಕಿಟಕಿಗೆ ದಬ್ಬೆ ಕೊಟ್ಟಿದ್ದು?"

"ಎಂತದೂ ಇಲ್ಲ. ಮಂಗ" ಎಂದು ಗಪ್ಪಣ್ಣ ಎಲೆಗೆ ಸುಣ್ಣ ಹಚ್ಚತೊಡಗಿದ. ಹಚ್ಚಿದ ಎಲೆಗೇ ಮತ್ತೆ ಹಚ್ಚಿದ.

ಮೇಷ್ಟ್ರಿಗೆ ವಿಜ್ಞಾನ ಹೇಳದೆ ಕವಳ ಇಳಿಯುವುದಿಲ್ಲ. "ಸುಬ್ರಾಯ ಹೇಳಿದ್ದು ಸುಳ್ಳಲ್ಲ" ಎಂದರು. "ಒಂದು ಕೊಳವೆ. ಅದರೊಳಗೆ ಮೇಣ. ಸೆಖೆಗೆ ಮೇಣ ಕರಗಿ ಹಿಗ್ಗುತ್ತದೆ, ದಂಡವನ್ನು ದೂಡುತ್ತದೆ, ದಂಡ ಕಿಟಕಿಯನ್ನು ಎತ್ತುತ್ತದೆ. ತಣಿದರೆ ಮೇಣ ಕುಗ್ಗಿ ಕಿಟಕಿ ಮುಚ್ಚುತ್ತದೆ. ಏಳು ಕೆಜಿ ತೂಕದ ಕಿಟಕಿಯನ್ನೂ ಎತ್ತುವಂಥದ್ದು ಸಿಗುತ್ತದೆ."

"ಎತ್ತೋದು ಸರಿ. ಮುಚ್ಚೋದನ್ನು ನೋಡಿದವರು ಯಾರು?"

ಯಾರೂ ಇಲ್ಲ. ಆಚೆ ವರ್ಷ ಬೆಂಗಳೂರಿನಲ್ಲಿರುವ ಮಾಣಿ, ಗಪ್ಪಣ್ಣನ ಮಗ, ಅದನ್ನೇ ತಂದು ಹಾಕಿಕೊಟ್ಟಿದ್ದ. ಪೆಟ್ಟಿಗೆಯ ಚೀಟಿಯಲ್ಲಿದ್ದಂತೆ 17 ಡಿಗ್ರಿಗೆ ತಿರುಪಿ ಹೋಗಿದ್ದ. ಚಳಿ ದೇಶದ ಚೀಟಿ. ಶಿರಸಿಯಲ್ಲಿ 17ಕ್ಕಿಂತ ಕೆಳಗೆ ಇಳಿಯುವುದು ಚಳಿಗಾಲದ ನಸುಕಿನಲ್ಲಿ. ಕಿಟಕಿ ಮುಚ್ಚುವ ಹೊತ್ತಿಗೆ ಊರೆಲ್ಲ ಕಂಬಳಿಯೊಳಗೆ. ಊರು ಏಳುವ ಹೊತ್ತಿಗೆ ಕಿಟಕಿಯೂ ಎದ್ದಿರುತ್ತದೆ.

"ಅದಕ್ಕಿಂತ ಮಾರಿಕಾಂಬೆ ಜಾತ್ರೆ ವಾಸಿ" ಎಂದೆ. "ಎರಡು ವರ್ಷಕ್ಕೊಮ್ಮೆಯಾದರೂ ಕಣ್ಣಿಗೆ ಬೀಳುತ್ತದೆ."

"ನೀನು ಹೊಸದು ಅಂದ್ರೆ ಕಲ್ಲು ಹೊಡಿಯೋಕೇ ಹುಟ್ಟಿದವ" ಎಂದ ಸುಬ್ರಾಯ.

"ಕಲ್ಲಲ್ಲ, ಮಳೆ ಹೊಡೆದದ್ದು. ಮೇಣಕ್ಕೆ ಸೆಖೆ ಗೊತ್ತು, ಮಳೆ ಗೊತ್ತಿಲ್ಲ. ಕಾಗೆಗೂ ನರಿಗೂ ಮದುವೆ ಆದ ದಿನ ನೆನಪಿದ್ಯಾ? ಒಂದು ಕಡೆ ಬಿಸಿಲು, ಒಂದು ಕಡೆ ಮಳೆ. ಈ ಕಿಟಕಿ ಪೂರಾ ಬಾಯಿ ತೆರೆದು ಅಕ್ಷತೆ ಹಾಕಿಸಿಕೊಂಡಿತು. ಅಲ್ಲ ಮೇಷ್ಟ್ರೇ, ಚಳಿ ದೇಶದವರು ಇದನ್ನು ಕಟ್ಟಿದ್ದು ಗಿಡ ಬೆಚ್ಚಗಿರಲಿ ಅಂತ. ನಾವು ಕಟ್ಟೋದು ಮಳೆಗೆ ಕೊಡೆ ಅಂತ. ಕೊಡೆಗೆ ಒಂದು ತೂತು ಮಾಡಿ, ಆ ತೂತು ತೆರೆಯೋಕೆ ಮತ್ತೊಂದು ಯಂತ್ರ ತರ್ತೇವಲ್ಲ!"

"ತೂತು ಬೇಕೇ ಬೇಕು" ಎಂದು ಮೇಷ್ಟ್ರು ನೆಟ್ಟಗೆ ಕೂತರು. "ಬಿಸಿ ಗಾಳಿ ಮೇಲೇರುತ್ತದೆ. ಅದಕ್ಕೆ ಮಾಡಿನಲ್ಲಿ ದಾರಿ ಬೇಕು, ತಂಪು ಗಾಳಿ ಒಳಗೆ ಬರೋಕೆ ಕೆಳಗೊಂದು ದಾರಿ ಬೇಕು. ಇಲ್ಲದಿದ್ದರೆ ಟೊಮೆಟೊ ಹೂ ಬಿಡುತ್ತದೆ, ಕಾಯಿ ಕಟ್ಟುವುದಿಲ್ಲ. ಮಾಡಿನ ಕಿಟಕಿ ನೆಲದ ಐದನೇ ಒಂದು ಪಾಲು ಇರಬೇಕು ಅಂತ ಲೆಕ್ಕ. ಇದರ ನೆಲ ಎಷ್ಟು ಗಪ್ಪಣ್ಣ?"

"20 ಅಡಿಗೆ 10."

"200 ಚದರಡಿ. ಹಾಗಾದರೆ ಕಿಟಕಿ 40 ಚದರಡಿ. ನಿನ್ನದು ಮೂರಕ್ಕೆ ಎರಡು, ಆರು. ಅಂದರೆ ಏಳು ಕಿಟಕಿ ಬೇಕಿತ್ತು."

"ಒಂದೇ ಇದೆ. ಆದರೆ ಆಟೋಮೆಟಿಕ್" ಎಂದೆ.

ಅಷ್ಟರಲ್ಲಿ ಮಾಡಿನ ಮೇಲೆ 'ಗುಂಯ್' ಅಂತ ಸದ್ದಾಯಿತು. ಕಳೆದ ಮೇ ತಿಂಗಳಲ್ಲಿ ಮಾಣಿ ಮೇಣ ತೆಗೆದು ಮೋಟಾರು ಹಾಕಿದ್ದ. ಅದರ ಸರಳು ಮೆಲ್ಲಗೆ ಮೇಲೆದ್ದಿತು. ಕಿಟಕಿ ಮಾತ್ರ ಅಲುಗಲಿಲ್ಲ. ಕೀಲು ಕಳಚಿತ್ತು, ದಬ್ಬೆ ಕೂತಿತ್ತು. ಪಂಕ್ತಿಯಲ್ಲಿ ಪಾಯಸಕ್ಕೆ ಕೈ ಎತ್ತಿ, ಬಡಿಸುವವನು ನೋಡದೆ ಹೋದಾಗ ಆಗುತ್ತದಲ್ಲ, ಸರಳು ಹಾಗೆ ನಿಂತಿತ್ತು.

"ಒಳಗೆ ಸೆನ್ಸರ್ ಇದೆ" ಎಂದು ಸುಬ್ರಾಯ ಹುರುಪಾದ. ಕಿಟಕಿ ತೆರೆಯದ್ದು ಅವನ ಕಣ್ಣಿಗೆ ಬಿದ್ದಿರಲಿಲ್ಲ. "30 ಆದರೆ ತೆರೆಯುತ್ತದೆ, 26ಕ್ಕೆ ಇಳಿದರೆ ಮುಚ್ಚುತ್ತದೆ. ಎರಡಕ್ಕೂ ಒಂದೇ ಅಂಕೆ ಇಟ್ಟರೆ ಮೋಟಾರು ತೆರೆದು ಮುಚ್ಚಿ ತೆರೆದು ಮುಚ್ಚಿ ಸಾಯುತ್ತದೆ. ನಡುವೆ ಅಂತರ ಬೇಕು."

"ನಮ್ಮನೆ ಫ್ಯಾನಿಗೂ ಎರಡು ಅಂಕೆ ಇದೆ. ಒಂದು ನನ್ನದು, ಒಂದು ನನ್ನ ಹೆಂಡತಿಯದು. ಆದರೆ ಅವಳಿಗೆ ಚಳಿ ಶುರುವಾಗುವಲ್ಲೇ ನನಗೆ ಸೆಖೆ ಶುರು. ರಾತ್ರಿಯಿಡೀ ಸ್ವಿಚ್ಚು ಟಕ್ ಟಕ್."

ಸೆನ್ಸರಿನ ಕತೆ ಬೇರೆ. ಅದು ಡಿಎಚ್‌ಟಿ-11 ಅನ್ನುವ ಅಗ್ಗದ ನೀಲಿ ಡಬ್ಬಿ. ಗಾಳಿಯ ತೇವವನ್ನು ಅದು ಶೇಕಡಾ 20ರಿಂದ 90ರವರೆಗೆ ಮಾತ್ರ ಎಣಿಸುತ್ತದಂತೆ. ಶಿರಸಿಯ ಜುಲೈ ಅದಕ್ಕೆ ಗೊತ್ತಿರಲಿಲ್ಲ ಪಾಪ. 90 ಅಂತ ಹೇಳಿ ಕೈಕಟ್ಟಿ ಕೂತುಬಿಟ್ಟಿತು.

"ನನ್ನ ಶಾಲೆಯಲ್ಲಿ ಒಂದನೇ ಕ್ಲಾಸಿನ ಮಕ್ಕಳು ನೂರು ಎಣಿಸುತ್ತಿದ್ದರು" ಎಂದರು ಮೇಷ್ಟ್ರು.

"ಡಿಎಚ್‌ಟಿ-22 ನೂರರವರೆಗೆ ಎಣಿಸುತ್ತದೆ" ಎಂದ ಸುಬ್ರಾಯ.

"ಪಾಸಾಯ್ತು ಅನ್ನು. ಲೈನಿಗೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದಾಗ ಅದು ಎಲ್ಲಿವರೆಗೆ ಎಣಿಸುತ್ತದೆ?"

ಸುಬ್ರಾಯ ಉತ್ತರಿಸಲಿಲ್ಲ. ಕಳೆದ ಮಳೆಗಾಲದಲ್ಲಿ ಹಾಗೇ ಆಗಿತ್ತು. ಸ್ಕ್ರೂ ಮೋಟಾರು ಕರೆಂಟಿಲ್ಲದೆ ಕೈಯಲ್ಲಿ ಒಂದಿಂಚೂ ಜಗ್ಗಲಿಲ್ಲ. ಗಪ್ಪಣ್ಣ ಕೊಡೆ ಹಿಡಿದು ಏಣಿ ಹತ್ತಿ ಕೀಲು ಕಳಚುವುದನ್ನು ಕಲಿತದ್ದು ಆಗಲೇ.

"ಎಂತ ಹೇಳು, ಅನುಕೂಲ ಅನುಕೂಲವೇ" ಎಂದು ಸುಬ್ರಾಯ ಮತ್ತೆ ಶುರು ಮಾಡಿದ. "38 ದಾಟಿದರೆ ಬೆಂಗಳೂರಲ್ಲಿ ಮಾಣಿಯ ಫೋನು ಕೂಗುತ್ತದೆ. ಇಲ್ಲದಿದ್ದರೂ ಎಲ್ಲ ಅಲ್ಲಿಗೇ ಕಾಣುತ್ತದೆ. ಮೊದಲು ದಿನಾ ಎರಡು ಸಲ ಫೋನ್ ಮಾಡಿ 'ಅಪ್ಪಾ, ಕಿಟಕಿ ತೆಗೆದ್ಯಾ, ಅಪ್ಪಾ, ಕಿಟಕಿ ಹಾಕಿದ್ಯಾ' ಅಂತ ಕೇಳಬೇಕಿತ್ತು. ಈಗ ಆ ಕಷ್ಟವೂ ಇಲ್ಲ. ಅಲ್ವಾ ಗಪ್ಪಣ್ಣ?"

"ಹೌದು" ಎಂದ ಗಪ್ಪಣ್ಣ. "ಆ ಕಷ್ಟ ಇಲ್ಲ."

ಕವಳ ಉಗಿಯಲು ಎದ್ದವನು ಹಾಗೇ ಅಂಗಳದ ಬಿಸಿಲು ನೋಡುತ್ತ ನಿಂತ. ಮಾರ್ಚಿನ ಬಿಸಿಲು. ಪ್ಲಾಸ್ಟಿಕ್ಕಿನೊಳಗೆ ಟೊಮೆಟೊ ಎಲೆ ಜೋತುಬಿದ್ದದ್ದು ಇಲ್ಲಿಗೇ ಕಾಣುತ್ತಿತ್ತು.

ಒಳಗೆ ಫೋನು ರಿಂಗಾಯಿತು. ಗಪ್ಪಣ್ಣನಿಗೆ ಮೊಣಕಾಲು ನೋವು ಅಂತ ನಾವು ಕೇಳುತ್ತ ಬಂದಿದ್ದೇವೆ. ಜಗಲಿಯ ಮೆಟ್ಟಿಲನ್ನು ಅವನು ಎರಡೆರಡಾಗಿ ಹತ್ತಿದ.

"ಹಾಂ ತಮಾ... ಹೌದಾ? ಮೆಸೇಜ್ ಬಂತಾ? ಎಂತ ಆತೋ ಏನೋ, ನೋಡ್ತೆ... ಇಲ್ಲ ಇಲ್ಲ, ಗಡಿಬಿಡಿ ಇಲ್ಲ... ಊಟ ಆತಾ? ಎಂತ ಊಟ?"

ಅತ್ತಿಗೆ ಮಜ್ಜಿಗೆಯ ಲೋಟ ಇಡುತ್ತ ಮೆಲ್ಲಗೆ ಹೇಳಿದರು: "ಈ ವಾರ ಇದು ಎರಡನೇ ಸಲ. ನನ್ನ ಆರ್ಕಿಡ್ ಮಾತ್ರ ಮೊದಲೇ ಎತ್ತಿ ಹೊರಗೆ ಇಟ್ಟಿರ್ತಾರೆ."

ಸುಬ್ರಾಯ ಕಿಟಕಿಯನ್ನು ಈಗ ಸರಿಯಾಗಿ ನೋಡಿದ. "ಅಯ್ಯೋ, ದಬ್ಬೆ ಸಿಕ್ಕಿಬಿದ್ದಿದೆ! ತಡಿ, ತೆಗೆದು ಬರ್ತೇನೆ" ಎಂದು ಏಣಿಯತ್ತ ಹೊರಟ.

ಅವನ ಅಂಗಿ ಹಿಡಿದು ಎಳೆದು ಕೂರಿಸಿದೆ. "ಕೂತ್ಕೊಳ್ಳೋ ಮಾರಾಯ. ಅಲ್ಲಿ ಇನ್ನೂ ಸಾರಿನ ವಿಷಯವೇ ಮುಗಿದಿಲ್ಲ."