ತಾಮ್ರದ ಮೆಷಿನ್ ಹಾಕಿಸಿದ ಮೇಲೆ ಈಜುಕೊಳದ ಮೆಟ್ಟಿಲೆಲ್ಲ ಹಸಿರುನೀಲಿ, ಏನು ಮಾಡಲಿ?

ಕಬ್ಬಿನಗದ್ದೆ ಮನೆ (ಶ್ರೀರಂಗಪಟ್ಟಣ)

ಎಲ್ಲರಿಗೂ ನಮಸ್ಕಾರ. ಶ್ರೀರಂಗಪಟ್ಟಣದ ಹತ್ತಿರ ನಮ್ಮದೊಂದು ಹೋಮ್‌ಸ್ಟೇ ಇದೆ, ನಾಲ್ಕೇ ರೂಮು. ರಂಗನತಿಟ್ಟಿಗೆ ಹಕ್ಕಿ ನೋಡೋಕೆ ಬರೋರು, ದಸರಾ ಟೈಮಲ್ಲಿ ಮೈಸೂರಲ್ಲಿ ರೂಮ್ ಸಿಗದೆ ಇತ್ತ ಬರೋರು, ಇವರೇ ನಮ್ಮ ಗಿರಾಕಿಗಳು. ಹಿತ್ತಲಲ್ಲಿ 8 ಮೀಟರ್ ಉದ್ದ, 4 ಮೀಟರ್ ಅಗಲದ ಈಜುಕೊಳ. ಹೆಚ್ಚುಕಮ್ಮಿ 42,000 ಲೀಟರ್ ನೀರು ಹಿಡಿಯುತ್ತೆ. ಬೋರ್‌ವೆಲ್ ನೀರೇ ತುಂಬಿಸೋದು.

ಏಳು ತಿಂಗಳ ಹಿಂದೆ ಕಾಪರ್ ಅಯೋನೈಜರ್ (ಕರೆಂಟಿನಿಂದ ನೀರಿಗೆ ತಾಮ್ರ ಬಿಡೋ ಮೆಷಿನ್) ಹಾಕಿಸಿದೆ. ಮಾರಿದವನು "ಇನ್ನು ಕ್ಲೋರಿನ್ ಮಾತೇ ಎತ್ತಬೇಡಿ ಸಾರ್, ಅಜ್ಜಿ ಕಾಲದ ತಾಮ್ರದ ಹಂಡೆ ನೀರಿದ್ದ ಹಾಗೆ" ಅಂದ. ಹಂಡೆ ಅಂದ ತಕ್ಷಣ ನಮ್ಮವ್ವ ಒಪ್ಪಿಬಿಟ್ಟಳು, ನನಗೆ ಮಾತೇ ಇಲ್ಲ.

ಮೊದಲ ಮೂರು ತಿಂಗಳು ನೀರು ಗಾಜಿನ ಹಾಗಿತ್ತು. ಆಮೇಲೆ ಒಂದು ಭಾನುವಾರ ಹದಿನೈದು ಜನ ಇಳಿದು ಎದ್ದ ಮೇಲೆ ಮಜ್ಜಿಗೆ ನೀರಿನಂತಾಯ್ತು. ಮೆಷಿನ್ ಡಯಲ್ 4ರಿಂದ 6ಕ್ಕೆ ಏರಿಸಿದೆ, ಆಮೇಲೆ 8. ಈಗ ಮೆಟ್ಟಿಲ ಮೇಲೆ, ಟೈಲ್ಸ್ ಸಂದಿನಲ್ಲಿ, ನೀರು ಬರೋ ಪೈಪಿನ ಬಾಯಿ ಸುತ್ತ ಹಸಿರುನೀಲಿ ಕಲೆ. ಬ್ರಷ್ ಹಾಕಿ ಉಜ್ಜಿದರೂ ಹೋಗ್ತಿಲ್ಲ. ಹೋದ ವಾರ ಬೆಂಗಳೂರಿಂದ ಬಂದಿದ್ದ ಹುಡುಗಿ ಕೂದಲಿಗೆ ಬಂಗಾರದ ಬಣ್ಣ ಹಾಕಿಸಿಕೊಂಡಿದ್ದಳು. ಎರಡು ದಿನ ಈಜಿದ ಮೇಲೆ ಅದು ಎಳೆ ಗರಿಕೆ ಬಣ್ಣ! ಅವರಮ್ಮನ ಬಾಯಿಗೆ ನಾನು ಸಿಕ್ಕಿದ್ದು ಬೇರೆ ಕತೆ.

ಸ್ಟ್ರಿಪ್ ಟೆಸ್ಟ್: ಲೀಟರಿಗೆ ಕಾಪರ್ 0.9 ಮಿಲಿಗ್ರಾಂ, ಗಡಸುತನ 480 ಮಿಲಿಗ್ರಾಂ, ಪಿಎಚ್ (ಹುಳಿ-ಕ್ಷಾರದ ಅಳತೆ) 8.2. ಡಯಲ್ ಇನ್ನೂ ಏರಿಸಬೇಕಾ? ಪಾಚಿ ಹಿಡಿದಿದೆಯಾ?

ಪಂಪ್‌ರೂಮ್ ಶಿವಣ್ಣ (ಮೈಸೂರು)

ಅಣ್ಣಾ, ಮೊದಲು ಆ ಡಯಲ್ ಸೊನ್ನೆಗೆ ತನ್ನಿ. ಓದಿದ ತಕ್ಷಣ ಎದ್ದು ಹೋಗಿ ಮಾಡಿ, ಉಳಿದದ್ದು ಆಮೇಲೆ ಓದಿ.

ಅದು ಪಾಚಿ ಅಲ್ಲ, ತಾಮ್ರವೇ. ಪಾಚಿ ಆಗಿದ್ದರೆ ಕೈಗೆ ಜಾರುತ್ತೆ, ಬ್ರಷ್‌ಗೆ ಏಳುತ್ತೆ. ಕೊಳದಲ್ಲಿ ಕಾಪರ್ 0.2ರಿಂದ 0.4 ಇದ್ದರೆ ಸಾಕು, ನಿಮ್ಮದು ಎರಡರಷ್ಟು ದಾಟಿದೆ. ಅದರ ಮೇಲೆ ಪಿಎಚ್ 8.2. ಅಷ್ಟು ಪಿಎಚ್‌ನಲ್ಲಿ ತಾಮ್ರ ನೀರಲ್ಲಿ ಕರಗಿರಲ್ಲ, ಗೋಡೆ ಮೆಟ್ಟಿಲು ಹುಡುಕಿಕೊಂಡು ಕೂರುತ್ತೆ. 7.2ರಿಂದ 7.6ರ ಒಳಗೆ ಇಟ್ಟುಕೊಳ್ಳಬೇಕು.

ಇನ್ನೊಂದು. ನೀರು ಮಜ್ಜಿಗೆ ಆಗಿದ್ದು ತಾಮ್ರ ಕಮ್ಮಿಯಾಗಿ ಅಲ್ಲ. ತಾಮ್ರ ಪಾಚಿ ಕೊಲ್ಲುತ್ತೆ, ಬ್ಯಾಕ್ಟೀರಿಯಾನೂ ನಿಧಾನಕ್ಕೆ ಕೊಲ್ಲುತ್ತೆ. ಆದರೆ ಹದಿನೈದು ಜನರ ಬೆವರು, ತಲೆ ಎಣ್ಣೆ, ಮಕ್ಕಳು ಮಾಡೋ ಇನ್ನೊಂದು (ಗೊತ್ತಲ್ಲ), ಇದನ್ನೆಲ್ಲ ಸುಡೋ ಶಕ್ತಿ ಅದಕ್ಕಿಲ್ಲ. ಅದಕ್ಕೆ ಕ್ಲೋರಿನ್ನೇ ಬೇಕು. ತಾಮ್ರ ಇರೋದರಿಂದ 0.5 ಆದರೂ ನಡೆಯುತ್ತೆ ಅನ್ನೋದಷ್ಟೇ ಲಾಭ. ಜನ ಜಾಸ್ತಿ ಇಳಿಯೋ ದಿನ ಇನ್ನೂ ಮೇಲಿಟ್ಟುಕೊಳ್ಳಿ. "ಕ್ಲೋರಿನ್ ಬೇಡವೇ ಬೇಡ" ಅಂದವನಿಗೆ ಮಷಿನ್ ಮಾರೋದಷ್ಟೇ ಬೇಕಿತ್ತು.

ಈಗಲೇ ಕ್ಲೋರಿನ್ ಸುರಿಯಬೇಡಿ ಮಾತ್ರ. ಇಷ್ಟು ತಾಮ್ರ, ಇಷ್ಟು ಪಿಎಚ್ ಇಟ್ಟುಕೊಂಡು ಸುರಿದರೆ ಹಸಿರು ಕಲೆ ಕಪ್ಪಗಾಗಿ ಕಚ್ಚಿಕೊಳ್ಳುತ್ತೆ. ಬ್ಲೀಚಿಂಗ್ ಪೌಡರ್ ಮುಂದಕ್ಕೂ ಬೇಡ, ಅದರಲ್ಲಿ ಕ್ಯಾಲ್ಸಿಯಂ ಇದೆ, ನಿಮ್ಮ ಬೋರ್ ನೀರಿಗೆ ಅದೊಂದು ಕಮ್ಮಿ. ತಾಮ್ರ, ಪಿಎಚ್ ಎರಡೂ ಇಳಿದ ಮೇಲೆ ದ್ರವ ಕ್ಲೋರಿನ್ ತನ್ನಿ. ನಿಮ್ಮ ಕೊಳದಲ್ಲಿ 0.5 ಏರಿಸೋಕೆ 10 ಪರ್ಸೆಂಟಿಂದು ಕಾಲು ಲೀಟರೂ ಬೇಕಾಗಲ್ಲ.

ಒಂದು ಪ್ರಶ್ನೆ: ಕೊಳಕ್ಕೆ ಕಾರಂಜಿ, ಜಲಪಾತ ಏನಾದರೂ ಇದೆಯಾ?

ಕಬ್ಬಿನಗದ್ದೆ ಮನೆ

ಡಯಲ್ ಸೊನ್ನೆ ಮಾಡಿ ಬಂದೆ ಅಣ್ಣಾ. ಕಾರಂಜಿ ಇಲ್ಲ, ಕಲ್ಲಿನ ನಂದಿ ಬಾಯಿಂದ ನೀರು ಬೀಳೋ ಹಾಗೆ ಮಾಡಿಸಿದ್ದೀವಿ. ರಾತ್ರಿ ಹಗಲು ಓಡ್ತಿರುತ್ತೆ. ಸದ್ದು ಚೆನ್ನಾಗಿರುತ್ತೆ ಅಂತ.

ಪಂಪ್‌ರೂಮ್ ಶಿವಣ್ಣ (ಮೈಸೂರು)

ಅಲ್ಲೇ ಇದೆ ನೋಡಿ ಕಳ್ಳ. ಬೋರ್ ನೀರಲ್ಲಿ ಕರಗಿರೋ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹಾರಿಹೋದಷ್ಟೂ ಪಿಎಚ್ ಏರುತ್ತೆ. ನಂದಿ ರಾತ್ರಿಯಿಡೀ ಅದೇ ಕೆಲಸ ಮಾಡ್ತಾ ಇದ್ದಾನೆ. ಗೆಸ್ಟ್ ಇಲ್ಲದಾಗ ಅವನ ಬಾಯಿ ಮುಚ್ಚಿಸಿ.

ನಿವೃತ್ತ ಕೆಮಿಸ್ಟ್ರಿ ಮೇಡಂ (ಸರಸ್ವತಿಪುರಂ)

ಶಿವಣ್ಣ ಹೇಳಿದ್ದು ಸರಿ. ಡಯಲ್ ಅಂದರೆ ಏನು ಅನ್ನೋದನ್ನ ನಾನು ಲೆಕ್ಕ ಹಾಕಿ ತೋರಿಸ್ತೀನಿ, ಪಾಠ ಮಾಡಿದ ಚಾಳಿ ಬಿಡಲ್ಲ.

ಎರಡು ತಾಮ್ರದ ಕಡ್ಡಿ, ಮಧ್ಯೆ ಸಣ್ಣ ಡಿಸಿ ಕರೆಂಟು. ಪ್ಲಸ್ ಕಡೆಯಿಂದ ತಾಮ್ರ ಅಯಾನುಗಳಾಗಿ ನೀರಿಗೆ ಬಿಡುತ್ತೆ. ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಸುಮಾರು 1.2 ಗ್ರಾಂ. ನಿಮ್ಮ 42,000 ಲೀಟರಿಗೆ 0.3 ಆಗೋಕೆ ಬೇಕಿರೋದು ಬರೀ 12.6 ಗ್ರಾಂ! ಅರ್ಧ ಆಂಪಿಯರ್‌ನಲ್ಲಿ ಒಂದು ದಿನದೊಳಗೆ ಮುಗಿಯೋ ಕೆಲಸ. ತಾಮ್ರ ಕ್ಲೋರಿನ್ ಥರ ಬಿಸಿಲಿಗೆ ಹಾರಿಹೋಗಲ್ಲ, ಅಲ್ಲೇ ಉಳಿಯುತ್ತೆ. ಆಮೇಲೆ ವಾರಕ್ಕೊಮ್ಮೆ ಟೆಸ್ಟ್ ನೋಡಿಕೊಂಡು ಕೆಲವು ಗಂಟೆ ಓಡಿಸಿದರೆ ಸಾಕು. ನೀವು ತಿಂಗಳುಗಟ್ಟಲೆ ಓಡಿಸಿದ್ದೀರಿ.

ಹುಡುಗಿ ಕೂದಲು ಹಸಿರಾಗಿದ್ದೂ ಇದಕ್ಕೇ. ಬ್ಲೀಚ್ ಮಾಡಿದ ಕೂದಲು ತಾಮ್ರವನ್ನ ಬೇಗ ಹೀರುತ್ತೆ.

ತಾಮ್ರ ಇಳಿಸೋಕೆ ಸುಲಭದ ದಾರಿ ನೀರು ಬದಲಾಯಿಸೋದು. 25,000 ಲೀಟರ್ ಹೊರಗೆ ಬಿಟ್ಟು ಅಷ್ಟೇ ಕಾವೇರಿ ನೀರು ಟ್ಯಾಂಕರಲ್ಲಿ ತರಿಸಿ. ಗಡಸುತನವೂ ಇಳಿಯುತ್ತೆ. ಕಡ್ಡಿ ಮೇಲೆ ಬಿಳಿ ಸುಣ್ಣ ಕೂತಿದ್ದರೆ ವಿನೆಗರ್‌ನಲ್ಲಿ ಅದ್ದಿಡಿ. ನಿಮ್ಮಮ್ಮ ಹುಣಸೆಹಣ್ಣು ತರಬಹುದು. ತಾಮ್ರದ ಕಪ್ಪಿಗೆ ಅದು ಸರಿ, ಸುಣ್ಣಕ್ಕೆ ವಿನೆಗರೇ ಸರಿ.

ಪಿಎಚ್ ಇಳಿಸೋಕೆ ಆಸಿಡ್ ಹಾಕುವಾಗ ಬಕೆಟ್ ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರಲ್ಲ. ಒಂದು ಸಲಕ್ಕೆ ಅರ್ಧ ಲೀಟರ್, ನಾಲ್ಕು ಗಂಟೆ ಪಂಪ್ ಓಡಿಸಿ ಮತ್ತೆ ಟೆಸ್ಟ್. ಆಸಿಡ್ ಕ್ಯಾನು, ಕ್ಲೋರಿನ್ ಕ್ಯಾನು ಒಂದೇ ಕೋಣೆಯಲ್ಲಿ ಇಡಬೇಡಿ. ಎರಡೂ ಬೆರೆತರೆ ಬರೋದು ವಿಷದ ಗಾಳಿ.

ತೆಂಗು ಅಡಿಕೆ (ಮದ್ದೂರು)

ಆ 25,000 ಲೀಟರ್ ಎಲ್ಲಿಗೆ ಬಿಡ್ತೀಯ ಅಣ್ಣ? ಮೀನು ಸಾಕಿರೋ ಹೊಂಡಕ್ಕಾಗಲಿ ನಾಲೆಗಾಗಲಿ ಬಿಡಬೇಡ. ನಮ್ಮ ಪಕ್ಕದ ತೋಟದವನು ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆದ ಡ್ರಮ್ಮು ತೊಳೆದ ನೀರು ಹೊಂಡಕ್ಕೆ ಬಿಟ್ಟ, ಬೆಳಗ್ಗೆ ಮೀನೆಲ್ಲ ಹೊಟ್ಟೆ ಮೇಲೆ. ಮನುಷ್ಯರಿಗೆ ಏನೂ ಆಗದಷ್ಟು ತಾಮ್ರ ಮೀನಿಗೆ ಯಮ.

ಕಬ್ಬಿಗೆ ಬಿಡು, ಒಂದೇ ಕಡೆ ಅಲ್ಲ, ಹರಡಿ. ನಿನ್ನ ನೀರಲ್ಲಿ ಇರೋದು ಒಟ್ಟು 22 ಗ್ರಾಂ ತಾಮ್ರ. ನಾವು ಒಂದು ಡ್ರಮ್ಮು ಬೋರ್ಡೋಗೆ ಹಾಕೋ ಒಂದು ಕೆಜಿ ಮೈಲುತುತ್ತದಲ್ಲೇ ಕಾಲು ಕೆಜಿ ತಾಮ್ರ ಇರುತ್ತೆ. ಗದ್ದೆಗೇನೂ ಆಗಲ್ಲ.

ಕಬ್ಬಿನಗದ್ದೆ ಮನೆ

ಹನ್ನೊಂದು ದಿನ ಆಯ್ತು, ಏನಾಯ್ತು ಅಂತ ಹೇಳಿಬಿಡ್ತೀನಿ. ನೀರು ಕಬ್ಬಿಗೆ ಬಿಟ್ಟೆ, ಐದು ಟ್ಯಾಂಕರ್ ತರಿಸಿದೆ. ಕಾಪರ್ 0.4ಕ್ಕೆ ಬಂತು, ಗಡಸುತನ 260. ಆಸಿಡ್ ನಾಲ್ಕು ಸಲ ಹಾಕಿದ ಮೇಲೆ ಪಿಎಚ್ 7.4. ಮೆಟ್ಟಿಲ ಕಲೆ ತಾನಾಗೇ ತಿಳಿಯಾಗ್ತಾ ಬಂತು, ಆದರೆ ಕಾಪರ್ ಮತ್ತೆ 0.5 ತೋರಿಸ್ತು! ಗಾಬರಿಯಾಗಿ ಮೇಡಂಗೆ ಮೆಸೇಜ್ ಹಾಕಿದೆ. ಕರಗಿದ ಕಲೆ ಎಲ್ಲಿಗೆ ಹೋಗುತ್ತೆ, ನೀರಿಗೇ ಅಲ್ವಾ ಅಂದರು. ಮಷಿನ್ ಇನ್ನೂ ಸೊನ್ನೆಯಲ್ಲೇ ಇದೆ.

ಕ್ಲೋರಿನ್ ಈಗ ಸಂಜೆ ಹಾಕ್ತೀನಿ. ಟೈಲ್ಸ್ ಸಂದಿನ ಕಲೆ ಮಾತ್ರ ಬಿಟ್ಟಿಲ್ಲ. ನಂದಿ ಬಾಯಿ ಮುಚ್ಚಿದ್ದಕ್ಕೆ ಅವ್ವ ಮುನಿಸಿಕೊಂಡಿದ್ದಾಳೆ, ಭಾನುವಾರ ಸಂಜೆ ಎರಡು ಗಂಟೆ ಬಿಡ್ತೀನಿ ಅಂತ ಒಪ್ಪಿಸಿದ್ದೀನಿ.